ಥಂಡಿ ಕೋಠಿಯ ನೆಲದಡಿ

ಜೇವರ್ಗಿಯಿಂದ ಅಫಜಲಪುರದ ಕಡೆ ಹೋಗುವ ದಾರಿಯಲ್ಲಿ, ಭೀಮಾ ನದಿ ಇನ್ನೆರಡು ಮೈಲಿ ಇರುವಾಗಲೇ, ತೊಗರಿ ಹೊಲಗಳ ನಡುವೆ ಒಂದು ದೊಡ್ಡ ಬಿಳಿ ಕಟ್ಟಡ ಕಾಣುತ್ತದೆ. ಅದಕ್ಕೆ ಕಿಟಕಿ ಎಂಬುದೇ ಇಲ್ಲ. ಕಂಪನಿಯವರು ನಾಲ್ಕು ಅಕ್ಷರ, ಎರಡು ಅಂಕಿ ಕೂಡಿಸಿ ಅದಕ್ಕೊಂದು ಹೆಸರಿಟ್ಟಿದ್ದರು. ಅಂಥ ಹೆಸರು ಯಾರ ಬಾಯಲ್ಲಿ ನಿಂತೀತು? ಸುತ್ತಲಿನವರು ಥಂಡಿ ಕೋಠಿ ಎಂದರು, ಅದೇ ಉಳಿಯಿತು. ಹೆಸರು ಸುಳ್ಳಲ್ಲ. ಮೇ ತಿಂಗಳಲ್ಲಿ ಹೊರಗೆ ಕಾಗೆಗಳು ಬಾಯಿ ತೆರೆದು ಕೂತಿರುವಾಗ ಒಳಗಿನವರು ಸ್ವೆಟರ್ ಹಾಕಿಕೊಂಡು ಓಡಾಡುತ್ತಾರೆ.

ಆ ಥಂಡಿ ಕಾಯುವುದೇ ಅಬ್ದುಲ್ ಗನಿಯ ಕೆಲಸವಾಗಿತ್ತು. ಆಳಂದದವನು. ಇಪ್ಪತ್ತೆರಡು ವರ್ಷ ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರು ಜನರೇಟರ್ ರಿಪೇರಿ ಮಾಡಿದ ಕೈ ಅದು. ಐವತ್ತರ ಹೊಸ್ತಿಲಲ್ಲಿ ಕಂಪನಿಯ ನೌಕರಿ ಸಿಕ್ಕಾಗ ಅವನ ಬೀದಿಯವರೆಲ್ಲ ಬಂದು ಚಹಾ ಕುಡಿದು ಹೋಗಿದ್ದರು. ಯಂತ್ರಗಳ ಹೊಟ್ಟೆಯಲ್ಲಿ ಏನಿದೆ ಎಂದು ಅವನು ಕೇಳುವ ಹಾಗಿರಲಿಲ್ಲ. ಅವಕ್ಕೆ ಕರೆಂಟು, ಗಾಳಿ, ನೀರು ತಪ್ಪದಂತೆ ನೋಡಿಕೊಂಡರೆ ಮುಗಿಯಿತು.

ಒಳಗೆ ಮೂರು ದೊಡ್ಡ ಹಾಲ್‌ಗಳು. ಆಳೆತ್ತರದ ಕಪ್ಪು ಕಪಾಟುಗಳು ಸಾಲುಸಾಲಾಗಿ ನಿಂತು, ಮೈತುಂಬ ಹಸಿರು ದೀಪ ಮಿಣುಕಿಸುತ್ತವೆ. ಗಾಳಿಯ ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿ ಮಾತಾಡಬೇಕು. ಅಲ್ಲಿ ಕಾಲ ಕೆಳಗಿನ ನೆಲವೂ ನಿಜವಾದ ನೆಲವಲ್ಲ. ಎರಡಡಿ ಚೌಕದ ಉಕ್ಕಿನ ಹಾಸುಗಳನ್ನು ಕಾಲುಗಳ ಮೇಲೆ ಕೂರಿಸಿದ್ದಾರೆ. ಕೆಲಸದವರು ಅದಕ್ಕೂ ಊರಿನ ಮಾತಿನಲ್ಲಿ ಫರಸಿ ಎಂದೇ ಅನ್ನುತ್ತಾರೆ. ಫರಸಿಯ ಕೆಳಗೆ ಮೊಣಕಾಲೆತ್ತರದ ಪೊಳ್ಳು. ಅದರಲ್ಲಿ ತಣ್ಣನೆಯ ಗಾಳಿ ನುಗ್ಗುತ್ತದೆ, ಭೀಮೆಯ ನೀರು ಕೊಳವೆಗಳಲ್ಲಿ ಓಡುತ್ತದೆ.

ಜನರ ಮದುವೆಯ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡು, ಗಂಡಹೆಂಡಿರ ಜಗಳದ ಮೆಸೇಜು ಎಲ್ಲವೂ ಆ ಕಪಾಟುಗಳಲ್ಲಿ ಇರುತ್ತವಂತೆ. ಒಂದೊಂದಕ್ಕೂ ಮೂರು ಮೂರು ಪ್ರತಿ, ಬೇರೆ ಬೇರೆ ಊರುಗಳಲ್ಲಿ. ದಿನಕ್ಕೆ ನಾಲ್ಕಾರು ಡಿಸ್ಕುಗಳು ಸಾಯುತ್ತವೆ. ಹುಡುಗರು ಬಂದು ಸತ್ತದ್ದನ್ನು ಎಳೆದು ಹೊಸದನ್ನು ತುರುಕಿ ಹೋಗುತ್ತಾರೆ, ಯಾರೂ ಹುಬ್ಬು ಕೂಡ ಏರಿಸುವುದಿಲ್ಲ. ಮೊದಮೊದಲು ಗನಿಗೆ ಇದು ಬಹಳ ಸೋಜಿಗವಾಗಿ ಕಂಡಿತ್ತು. ಆಮೇಲೆ ರೂಢಿಯಾಯಿತು.

ಹಾಲ್‌ಗಳನ್ನು ಒರೆಸಿ ಧೂಳು ತೆಗೆಯುವ ಹೆಂಗಸರಲ್ಲಿ ಅಂದೋಲಾದ ಶಿವಕಾಂತಾ ಒಬ್ಬಳು. ನಲವತ್ತನಾಲ್ಕರ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಕೊರಳಲ್ಲಿ ಇಷ್ಟಲಿಂಗ. ತೊಟ್ಟಿಲಲ್ಲಿದ್ದಾಗ ಮಠದ ಅಯ್ಯನವರು ಕಟ್ಟಿದ್ದು. ಅಂದಿನಿಂದ ಮೈಬಿಟ್ಟು ಇಳಿದದ್ದಿಲ್ಲ. ಬೆಳಿಗ್ಗೆ ಎದ್ದು ಅಂಗೈ ಮೇಲೆ ಲಿಂಗವಿಟ್ಟು ಪೂಜೆಯಾಗುವವರೆಗೆ ಅವಳ ಗಂಟಲಿಗೆ ಗುಟುಕು ನೀರೂ ಇಳಿಯುವುದಿಲ್ಲ. ಸತ್ತ ಮೇಲೂ ಅದನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ.

ಲಿಂಗ ಬೆಳ್ಳಿಯ ಕರಡಿಗೆಯಲ್ಲಿತ್ತು. ಕರಡಿಗೆ ಎಂದರೆ ಮೊಟ್ಟೆಯಾಕಾರದ ಸಣ್ಣ ಡಬ್ಬಿ. ಬಾಗಿಲಲ್ಲಿ ಲೋಹ ಹಿಡಿಯುವ ಚೌಕಟ್ಟಿದೆಯಲ್ಲ, ಅದು ಶಿವಕಾಂತಾ ದಾಟಿದಾಗಲೆಲ್ಲ ಕೂಗುತ್ತಿತ್ತು. ಕಾವಲಿನ ಮುಮತಾಜ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿ, ರಿಜಿಸ್ಟರಿನಲ್ಲಿ ಬರೆದು ಬಿಡುವಷ್ಟರಲ್ಲಿ ಕಾಲುಗಂಟೆ. ಹೋಗುವಾಗ ಕಾಲುಗಂಟೆ, ಬರುವಾಗ ಕಾಲುಗಂಟೆ. ಹಿಂದೆ ನಿಂತ ಸಾಲು ಗೊಣಗುತ್ತಿತ್ತು.

ಗನಿ ನೋಡಿ ನೋಡಿ ಒಂದು ದಿನ ಅಂದ:

“ತಂಗಿ, ಬೆಳ್ಳಿ ಡಬ್ಬಿ ಮನ್ಯಾಗ ಇಡು. ಲಿಂಗ ಬಟ್ಟ್ಯಾಗ ಸುತ್ತಿ ದಾರದಾಗ ಕಟ್ಟಿಕೋ. ಕಲ್ಲಿಗೆ ಈ ಮಷೀನು ಕೂಗಂಗಿಲ್ಲ.”

ಶಿವಕಾಂತಾ ಒಂದು ದಿನ ಯೋಚಿಸಿ, ಮನೆಯ ಹಿರಿಯರನ್ನು ಕೇಳಿ, ಹಾಗೆಯೇ ಮಾಡಿದಳು. ಮಷೀನು ಸುಮ್ಮನಾಯಿತು. ಎಲ್ಲರಿಗೂ ನೆಮ್ಮದಿ. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಗನಿ ಎರಡು ತಿಂಗಳು ಒಳಗೊಳಗೇ ಹಿಗ್ಗಿದ್ದೂ ಹೌದು.

ಆರು ತಿಂಗಳಿಗೊಮ್ಮೆ ಫರಸಿಯ ಕೆಳಗಿನ ಧೂಳು ತೆಗೆಯುತ್ತಾರೆ. ಆ ಮಂಗಳವಾರ ಮೂರನೇ ಹಾಲ್‌ನ ಸರದಿ. ಪರವಾನಗಿ ಮಧ್ಯಾಹ್ನ ಒಂದರವರೆಗೆ. ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟ ಶಿವಕಾಂತಾ ಒಂದೊಂದೇ ಫರಸಿ ಎತ್ತಿಸಿಕೊಂಡು, ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈ ಇಳಿಬಿಟ್ಟು ಧೂಳು ಹೀರುವ ಯಂತ್ರದ ಮೂತಿ ಆಡಿಸಿದಳು. ಒಂದು ಗಂಟೆಗೆ ಕೆಲಸ ಮುಗಿಯಿತು. ಪ್ರತಿ ಫರಸಿಗೂ ಕಾಗದದ ಮೊಹರು ಅಂಟಿಸಿ ಬಾಗಿಲು ಹಾಕಿದರು.

ಎರಡು ಗಂಟೆಗೆ ಬಟ್ಟೆ ಬದಲಿಸುವ ಕೋಣೆಯಿಂದ ಶಿವಕಾಂತಾ ಹೊರಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಎರಡೂ ಕೈ ಎದೆಯ ಮೇಲೆ.

“ಅಣ್ಣಾರ, ದಾರ ಹರಿದದ. ಲಿಂಗ ಇಲ್ರಿ.”

“ಎಲ್ಲಿ ಬಿತ್ತವ್ವಾ?”

“ಕೆಳಗ. ನಲವತ್ತೊಂದನೇ ಫರಸಿ ಹತ್ರ ಟಕ್ ಅಂದಿತ್ತು. ಯಂತ್ರದ ಮೂತಿ ಬಡೀತು ಅಂದ್ಕೊಂಡ್ನಿ.”

ಬೆಳ್ಳಿಯ ಕರಡಿಗೆಗೆ ಗಟ್ಟಿ ಸರಪಳಿ ಇತ್ತು. ಅದು ಹರಿಯುತ್ತಿರಲಿಲ್ಲ. ಗನಿಗೆ ಇದು ಆ ಕ್ಷಣದಲ್ಲೇ ಹೊಳೆಯಿತು. ಅವಳು ಅವನನ್ನು ದೂರುವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಇಬ್ಬರೂ ಮ್ಯಾನೇಜರ್ ಕಲ್ಯಾಣಕುಮಾರನ ಕೋಣೆಗೆ ಹೋದರು. ಕಲಬುರಗಿಯ ಹುಡುಗ, ಓದಿದವನು, ಕೆಟ್ಟವನಲ್ಲ. ಆದರೆ ಮೇಲಿನವರ ಹೆಸರು ಬಂದರೆ ಕುರ್ಚಿಯಲ್ಲೇ ಅರ್ಧ ಎದ್ದು ನಿಲ್ಲುವವನು. ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡ.

“ಈ ವಾರ ಒಂದು ದೊಡ್ಡ ಬ್ಯಾಂಕಿನ ಲೆಕ್ಕಪತ್ರ ಎಲ್ಲಾ ಅದೇ ಹಾಲ್‌ಗೆ ಬರಾಕತ್ತದ. ಇವತ್ತ ಒಂದು ಗಂಟೆಯಿಂದ ಹದಿನೈದು ದಿನ ಒಂದು ಸ್ಕ್ರೂ ಸೈತ ಮುಟ್ಟಂಗಿಲ್ಲ ಅಂತ ಹುಕುಂ ಅದ, ಗನಿಸಾಬ್ರ. ಅರ್ಜಿ ಹಾಕ್ತೇನಿ. ನನ್ನ ಕೈಲಿ ಆಗೋದು ಅಷ್ಟ.”

ಅರ್ಜಿಯಲ್ಲಿ ಪ್ರಶ್ನೆಗಳಿದ್ದವು. ಬಿದ್ದ ವಸ್ತು ಲೋಹವೇ? ಅಲ್ಲ. ಬೆಂಕಿ ಹತ್ತುವಂಥದ್ದೇ? ಅಲ್ಲ. ಯಂತ್ರಗಳಿಗೆ ಅಪಾಯವೇ? ಇಲ್ಲ. ಕಲ್ಯಾಣಕುಮಾರ ಒಂದೊಂದಕ್ಕೂ ನಿಜವನ್ನೇ ತುಂಬಿದ. ಅರ್ಜಿ ಹೋಯಿತು. ಎಲ್ಲಿಗೆ ಹೋಯಿತು, ಯಾರು ಓದುತ್ತಾರೆ, ಅವನಿಗೂ ಗೊತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಮುಖ ಕಂಡವರೇ ಇಲ್ಲ.

“ಅಲ್ಲೀ ತನಕ ಮಠಕ್ಕ ಹೋಗಿ ಇನ್ನೊಂದು ಕಟ್ಟಿಸ್ಕೊಳ್ರಿ, ಅಕ್ಕಾರ,” ಎಂದ ಕಲ್ಯಾಣಕುಮಾರ. “ಕಳಕೊಂಡವರಿಗೆ ಸ್ವಾಮಿಗಳು ಬ್ಯಾರೆ ಕೊಡ್ತಾರಲ್ಲ.”

“ಕಳದಿದ್ರ ಕಟ್ಟಿಸ್ಕೋತಿದ್ನಿ ಸಾಹೇಬ್ರ,” ಎಂದಳು ಶಿವಕಾಂತಾ. “ಹೊಳ್ಯಾಗ ಹೋಗಿದ್ರ, ಕಳ್ಳರು ಒಯ್ದಿದ್ರ, ಮಾತು ಬ್ಯಾರೆ. ಇದು ಎಲ್ಲಿ ಅದ ಅಂತ ನನಗ ಗೊತ್ತದ. ಇಲ್ಲಿಂದ ಐವತ್ತು ಹೆಜ್ಜಿ ದೂರ ಅದ. ಅದನ್ನ ಅಲ್ಲೇ ಬಿಟ್ಟು ಇನ್ನೊಂದು ಹ್ಯಾಂಗ ಕಟ್ಟಿಕೊಳ್ಳಲಿ?”

ಎಲ್ಲದಕ್ಕೂ ಮೂರು ಪ್ರತಿ ಇಟ್ಟ ಮನೆಯಲ್ಲಿ, ಪ್ರತಿಯೇ ಇಲ್ಲದ ಒಂದು ವಸ್ತು ಬಿದ್ದಿತ್ತು.

ಅವಳು ಮನೆಗೆ ಹೋಗಲಿಲ್ಲ. ಗೇಟಿನ ಹೊರಗಿನ ಬೇವಿನ ಮರದ ಬುಡದಲ್ಲಿ ಕೂತಳು. ಅದು ಒಳಗೆ, ತಾನು ಹೊರಗೆ. ಇದಕ್ಕಿಂತ ದೂರ ಹೋಗಲಾರೆ ಎಂದಳು. ಸಂಜೆ ಗಂಡ ಶಾಂತಲಿಂಗಪ್ಪ ಮೋಟರ್‌ಸೈಕಲ್ ಮೇಲೆ ಬಂದ. ರೊಟ್ಟಿ ಕಟ್ಟಿಕೊಂಡು ಬಂದಿದ್ದ, ತಂಬಿಗೆ ನೀರು ತಂದಿದ್ದ. ಲಿಂಗ ಮೈಮೇಲಿಲ್ಲದೆ ಅವಳು ನೀರೂ ಮುಟ್ಟುವವಳಲ್ಲ, ಗಂಟು ಬಿಚ್ಚಲೇ ಇಲ್ಲ. ಅವಳ ಪಕ್ಕದಲ್ಲಿ ಟವೆಲ್ ಹಾಸಿ ಕೂತ. ಜಗಳವಾಡುವ, ಬೈಯುವ, ಕಾಲು ಹಿಡಿಯುವ ಮನುಷ್ಯನಾಗಿದ್ದರೆ ಗನಿ ತಡೆದುಕೊಳ್ಳುತ್ತಿದ್ದ. ಅವನು ಸುಮ್ಮನೆ ಗನಿಯ ಮುಖ ನೋಡಿ, “ಏನರೆ ಆಗ್ತದೇನ್ರಿ?” ಎಂದು ಒಂದು ಸಲ ಕೇಳಿದ, ಅಷ್ಟೇ.

ಬುಧವಾರ ಬಿಸಿಲು ನಲವತ್ಮೂರು ಡಿಗ್ರಿ. ಹನ್ನೊಂದು ಗಂಟೆಗೆ ಶಿವಕಾಂತಾಳ ತುಟಿ ಬಿರಿದು ಬಿಳುಪಾಗಿತ್ತು. ಮುಮತಾಜ ಒದ್ದೆ ಬಟ್ಟೆ ತಂದು ಹಣೆಗೆ ಒತ್ತಿದಳು. “ತುಟಿಗೆ ತಾಗಿಸಬ್ಯಾಡ್ರಿ,” ಎಂದಳು ಶಿವಕಾಂತಾ. ಒಳಗೆ ಗನಿ ಗೋಡೆಯ ಮೇಲಿನ ಮೀಟರ್ ನೋಡುತ್ತ ನಿಂತಿದ್ದ: ಗಂಟೆಗೆ ಇಷ್ಟು ಸಾವಿರ ಲೀಟರ್ ನೀರು ಕೊಳವೆಗಳಲ್ಲಿ ಓಡುತ್ತಿದೆ. ಅವನಿಗೆ ಅಂದು ಆ ಯಂತ್ರಗಳ ಮೇಲೆ ಸಿಟ್ಟು ಬಂತು. ಕಟ್ಟಡದ ಯಂತ್ರಕ್ಕೆ ಬಾಯಾರಿಕೆಯಾದರೆ ಸೈರನ್ ಹೊಡೆಯುತ್ತದೆ, ಹತ್ತು ಜನ ಓಡುತ್ತಾರೆ. ಗೇಟಿನ ಹೊರಗೆ ಒಬ್ಬ ಹೆಂಗಸು ಒಣಗುತ್ತಿದ್ದರೆ ಒಂದು ದೀಪವೂ ಕೆಂಪಾಗುವುದಿಲ್ಲ.

ಮಧ್ಯಾಹ್ನ ಅವನಿಗೆ ಇನ್ನೊಂದು ಗೊತ್ತಾಯಿತು. ಕಲ್ಯಾಣಕುಮಾರ ದನಿ ತಗ್ಗಿಸಿ ಹೇಳಿದ:

“ಲೋಹ ಬಿದ್ದಿದ್ರ ಮಾತು ಬ್ಯಾರೆ ಇತ್ತು, ಗನಿಸಾಬ್ರ. ಲೋಹ ಅಂದ್ರ ಶಾರ್ಟ್ ಆಗೋ ಅಪಾಯ. ಪರವಾನಗಿ ಬೇಕಾಗಂಗಿಲ್ಲ, ತಾಸಿನ್ಯಾಗ ತೆಗೀಬಹುದು. ಕಲ್ಲು ಅಂತ ಬರದದ್ದಕ್ಕ ಕುಂತದ.”

ಗನಿ ಗೋಡೆಗೆ ಒರಗಿದ. ಬೆಳ್ಳಿಯ ಕರಡಿಗೆಯಲ್ಲೇ ಇದ್ದಿದ್ದರೆ ಹರಿಯುತ್ತಿರಲಿಲ್ಲ. ಹರಿದು ಬಿದ್ದಿದ್ದರೂ ತಾಸಿನಲ್ಲಿ ಕೈಗೆ ಬರುತ್ತಿತ್ತು. ಎರಡೂ ಕಡೆಯಿಂದ ಅವನ ಉಪಕಾರವೇ ಅವಳ ಕೊರಳಿಗೆ ಬಂದಿತ್ತು.

“ಹಂಗಾದ್ರ ಬೆಳ್ಳಿ ಡಬ್ಬಿ ಸಮೇತ ಬಿದ್ದದ ಅಂತ ತಿದ್ರಿ.”

“ತಿದ್ತೇನಿ. ಆಕಿ ಸಹಿ ಮಾಡಬೇಕು.”

ಗನಿ ಕಾಗದ ಹಿಡಿದು ಬೇವಿನ ಮರದ ಕೆಳಗೆ ಓಡಿದ. ಶಿವಕಾಂತಾ ಗಂಡನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಎದ್ದು ಕೂತು, ಸೆರಗು ಸರಿ ಮಾಡಿಕೊಂಡು ಪೂರ್ತಿ ಕೇಳಿದಳು.

“ಸುಳ್ಳು ಬರದು ತಂದು, ಅದರ ಮುಂದ ಯಾವ ಮಾರಿ ಇಟ್ಕೊಂಡು ಕುಂಡ್ರಲಿ ಅಣ್ಣಾರ?”

“ಜೀವ ಹೋಗ್ತದ ತಂಗಿ!”

“ಹೋದ್ರ ಹೋಗ್ಲಿ. ನೀವು ನನಗ ಕೆಟ್ಟದ್ದು ಬಯಸಿದವರಲ್ಲ. ಆದ್ರ ಇದು ಆಗಂಗಿಲ್ರಿ.”

ಗನಿ ಶಾಂತಲಿಂಗಪ್ಪನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು, ಆದರೆ ಅವನೂ ಪೆನ್ನಿಗೆ ಕೈ ಚಾಚಲಿಲ್ಲ. ಕಾಗದವನ್ನು ಮಡಚಿ ಗನಿ ಜೇಬಿನಲ್ಲಿಟ್ಟುಕೊಂಡ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಉತ್ತರ ಬಂತು. ಕಲ್ಯಾಣಕುಮಾರ ಕಂಪ್ಯೂಟರನ್ನು ಗನಿಯ ಕಡೆ ತಿರುಗಿಸಿದ. ಯಂತ್ರಗಳಿಗೆ ಅಪಾಯವಿಲ್ಲದ ಕಾರಣ ತುರ್ತಿಲ್ಲ. ಮುಂದಿನ ಸ್ವಚ್ಛತೆಯ ವೇಳೆ, ನವೆಂಬರಿನಲ್ಲಿ, ವಸ್ತುವನ್ನು ಹುಡುಕಿ ಕೊಡಲಾಗುವುದು. ಕೆಳಗೆ ಯಾರ ಹೆಸರೂ ಇರಲಿಲ್ಲ, ಬರೀ ಒಂದು ನಂಬರ್.

ಗನಿ ಎದ್ದ. ಸಾಮಾನಿನ ಕೋಣೆಗೆ ಹೋಗಿ ಫರಸಿ ಎತ್ತುವ ರಬ್ಬರ್ ಹಿಡಿಕೆ ತೆಗೆದುಕೊಂಡ. ಮಗಳು ಫರಹೀನಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇತ್ತು. ಅದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ನೆನಪಾಯಿತು, ಕಾಲು ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಮುಮತಾಜಳ ಮುಂದೆ ನಿಂತು ರಿಜಿಸ್ಟರಿನಲ್ಲಿ ಬರೆದ: ಅಬ್ದುಲ್ ಗನಿ, ಮೂರನೇ ಹಾಲ್, ಪರವಾನಗಿ ಇಲ್ಲ.

“ಭಾಯಿ, ಏನು ಮಾಡಾಕತ್ತೀರಿ?” ಎಂದಳು ಅವಳು.

“ಆಕಿನ್ನ ಕರಕೊಂಡು ಬಾ. ಬಾಗಲ ತನಕ ಹಿಡಕೊಂಡು ಬಾ.”

ಹಾಲ್‌ನಲ್ಲಿ ಯಾವಾಗಿನಂತೆ ಹಸಿರು ದೀಪಗಳು ಮಿಣುಕುತ್ತಿದ್ದವು. ಗನಿ ನಲವತ್ತೊಂದನೇ ಫರಸಿಯ ಮೊಹರು ಹರಿದು, ಹಿಡಿಕೆ ಒತ್ತಿ ಎತ್ತಿದ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಟಾರ್ಚಿನ ಬೆಳಕು ಬಿಟ್ಟು ನೋಡಿದ: ವೈರುಗಳು, ಉಕ್ಕಿನ ಕಾಲುಗಳು, ಬೇರೇನಿಲ್ಲ. ಮೂಲೆಯ ಕ್ಯಾಮೆರಾದ ಕೆಂಪು ಚುಕ್ಕೆ ಅವನನ್ನೇ ನೋಡುತ್ತಿತ್ತು. ನಲವತ್ತೆರಡನೆಯದನ್ನೂ ಎತ್ತಿದ.

ನೀರಿನ ಕೊಳವೆಗೆ ಒರಗಿಕೊಂಡು ಅಲ್ಲಿತ್ತು. ಬಿಳಿ ಬಟ್ಟೆ ಸ್ವಲ್ಪ ಸರಿದು ಕರಿಯ ಮೈ ಕಾಣುತ್ತಿತ್ತು. ಹರಿದ ದಾರದ ತುದಿ ಗಾಳಿಗೆ ಅಲುಗುತ್ತಿತ್ತು. ಎರಡು ದಿನ ಭೀಮೆ ಅದರ ಮಗ್ಗುಲಲ್ಲೇ ಹರಿದಿದ್ದಳು, ಮುಟ್ಟಿರಲಿಲ್ಲ.

ಗನಿಯ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡ. ಅದು ಕಟ್ಟಿಕೊಂಡವರ ಕೈ ಮಾತ್ರ ಮುಟ್ಟಬೇಕಾದದ್ದು. ಅವನು ಟಾರ್ಚಿನ ಬೆಳಕನ್ನು ಅದರ ಮೇಲೆ ಹಿಡಿದುಕೊಂಡು ಮೊಣಕಾಲೂರಿ ಕಾದ.

ಮುಮತಾಜಳ ಹೆಗಲು ಹಿಡಿದು ಶಿವಕಾಂತಾ ಬಂದಳು. ಚೌಕಟ್ಟು ಕೂಗಲಿಲ್ಲ, ಕೂಗಲು ಅವಳ ಮೈಮೇಲೆ ಏನೂ ಇರಲಿಲ್ಲ. ನೆಲದ ಮೇಲೆ ಮಲಗಿ ಭುಜದವರೆಗೆ ಕೈ ಇಳಿಸಿದಳು. ಬೆರಳಿಗೆ ತಾಗಿದಾಗ ಅವಳ ಬೆನ್ನು ಒಮ್ಮೆ ನಡುಗಿದ್ದು ಗನಿಗೆ ಕಂಡಿತು. ಮೇಲೆತ್ತಿ ಕಣ್ಣಿಗೆ ಒತ್ತಿಕೊಂಡಳು, ಎದೆಗೆ ಒತ್ತಿಕೊಂಡಳು. ಏನೋ ಅಂದಳು, ಯಂತ್ರಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಗನಿ ಎರಡೂ ಫರಸಿ ಮುಚ್ಚಿದ. ಒಂದು ಹಸಿರು ದೀಪವೂ ಆರಿರಲಿಲ್ಲ. ಬ್ಯಾಂಕಿನ ಲೆಕ್ಕಪತ್ರಕ್ಕೆ ಕೂದಲೂ ಕೊಂಕಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಶಾಂತಲಿಂಗಪ್ಪ ತಂಬಿಗೆ, ವಿಭೂತಿ ಗಟ್ಟಿ, ನಾಲ್ಕು ಒಣಗಿದ ಪತ್ರಿ ಎಲೆ ಸಿದ್ಧ ಮಾಡಿಟ್ಟಿದ್ದ. ಅವಳು ಅಂಗೈ ಮೇಲೆ ಲಿಂಗವಿಟ್ಟು ನೀರೆರೆದಳು. ಪೂಜೆಗೆ ಅವಸರ ಮಾಡಲಿಲ್ಲ. ಎಂದಿನಷ್ಟೇ ಹೊತ್ತು ತೆಗೆದುಕೊಂಡಳು. ಆಮೇಲೆ ಅಂಗೈಯ ನೀರನ್ನು ಬಾಯಿಗೆ ತಂದಳು. ಶಾಂತಲಿಂಗಪ್ಪ ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಮುಖ ತಿರುಗಿಸಿ ಅತ್ತ. ಅವಳ ಗಂಟಲು ಏರಿಳಿಯುವುದನ್ನು ಗನಿ ಗೇಟಿನ ಕಂಬ ಹಿಡಿದು ನೋಡಿದ.

ಕಲ್ಯಾಣಕುಮಾರ ಬೆವರುತ್ತ ಬಂದ. ಕೈಯಲ್ಲಿ ಒಂದು ಕಾಗದ.

“ಮ್ಯಾಲಿನವರು ಕ್ಯಾಮೆರಾದಾಗ ನೋಡ್ಯಾರ. ಹತ್ತು ನಿಮಿಷದಾಗ ಕಾರಣ ಕೇಳ್ಯಾರ.” ಗನಿಯನ್ನು ಪಕ್ಕಕ್ಕೆ ಎಳೆದು ದನಿ ತಗ್ಗಿಸಿದ. “ಫರಸಿ ಸಂದ್ಯಾಗ ಏನೋ ಲೋಹ ಹೊಳೀತು, ಅಪಾಯ ಅಂತ ತೆಗದ್ನಿ ಅಂತ ಬರೀರಿ. ಇದಕ್ಕ ಆಕಿ ಸಹಿ ಬೇಕಾಗಿಲ್ಲ, ನಿಮ್ಮದೊಂದ ಸಾಕು. ನೌಕರಿ ಉಳೀತದ. ನಾ ಏನೂ ಕೇಳಂಗಿಲ್ಲ. ಖುದಾನ ಮ್ಯಾಲ ಆಣಿ, ಬರೀರಿ ಗನಿಸಾಬ್ರ.”

ಪಾಪ, ಅವನು ಉಳಿಸಲಿಕ್ಕೇ ಬಂದಿದ್ದ. ಗನಿ ಪೆನ್ನು ತೆಗೆದುಕೊಂಡ. ಫರಹೀನಳ ಬಿಳಿ ಯೂನಿಫಾರಂ ಕಣ್ಣ ಮುಂದೆ ಬಂತು. ಒಂದು ಶಬ್ದ ಬರೆದರೆ ಮುಗಿಯಿತು. ಯಾರಿಗೂ ಕೇಡಿಲ್ಲ, ಯಾರ ಗಂಟೂ ಹೋಗುವುದಿಲ್ಲ. ತಲೆಯೆತ್ತಿ ನೋಡಿದ. ಶಿವಕಾಂತಾ ತಂಬಿಗೆಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಇದೇ ಶಬ್ದಕ್ಕೆ ನಿನ್ನೆ ಸಹಿ ಮಾಡಿದ್ದರೆ ಅವಳು ನಿನ್ನೆಯೇ ನೀರು ಕುಡಿಯುತ್ತಿದ್ದಳು.

ವಸ್ತು ಯಾವುದು ಎಂಬ ಕಾಲಂನಲ್ಲಿ ಗನಿ ಬರೆದ: ಕಲ್ಲು. ಅಪಾಯವಿತ್ತೇ ಎಂಬ ಕಾಲಂನಲ್ಲಿ: ಯಂತ್ರಗಳಿಗೆ ಇರಲಿಲ್ಲ. ಸಹಿ ಮಾಡಿ, ಕೊರಳಿನ ಗುರುತಿನ ಕಾರ್ಡು ತೆಗೆದು ಕಾಗದದ ಮೇಲಿಟ್ಟು ಕೊಟ್ಟ.

ಈಗ ಅವನು ಆಳಂದದಲ್ಲಿ ಮತ್ತೆ ಜನರೇಟರ್ ರಿಪೇರಿ ಮಾಡುತ್ತಾನೆ. ಹಳೆಯ ಜಾಗ ಸಿಗಲಿಲ್ಲ, ಇನ್ನೊಬ್ಬರ ಅಂಗಡಿಯ ಮುಂದೆ ಕೂರುತ್ತಾನೆ. ಫರಹೀನ ಓದು ಬಿಡಲಿಲ್ಲ. ರಜೆಯಲ್ಲಿ ಕಲಬುರಗಿಯ ಒಂದು ದವಾಖಾನೆಯಲ್ಲಿ ಕೆಲಸ ಹಿಡಿದಿದ್ದಾಳೆ. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ತಂಗಳು ರೊಟ್ಟಿಯ ದಿನಗಳು ಬಂದಾಗ ಅವನಿಗೆ ಪಶ್ಚಾತ್ತಾಪವಾಗುವುದಿಲ್ಲವೇ? ಆಗುತ್ತದೆ. ಆದದ್ದು ಮಲಗಿ ಏಳುವಷ್ಟರಲ್ಲಿ ಹೋಗಿರುತ್ತದೆ.

ಶಿವಕಾಂತಾಳನ್ನು ಕಂಪನಿ ತೆಗೆಯಲಿಲ್ಲ, ಅವಳು ಯಾವ ನಿಯಮವನ್ನೂ ಮುರಿದಿರಲಿಲ್ಲ. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಳು. ಅವಳು ಬಂದ ಮೊದಲ ದಿನ ಬೆಳಿಗ್ಗೆ ಗನಿಯ ಫೋನು ರಿಂಗಾಯಿತು. ಮುಮತಾಜ.

“ಭಾಯಿ, ಶಿವಕಾಂತಾ ಬಂದಾಳ. ಬೆಳ್ಳಿ ಡಬ್ಬಿ ಕಟ್ಟಿಕೊಂಡ ಬಂದಾಳ. ಮಷೀನು ಕೂಗ್ತು. ಹಿಂದ ಸಾಲು ನಿಂತದ, ಮಂದಿ ಬಡಬಡಸಾಕತ್ತಾರ. ಬಟ್ಟಿ ಕಟ್ಟಿಕೊಂಡ ಬಾ ಅಂದ್ರ ಕೇಳವಲ್ಲಳು. ನನ್ನ ಮೈಮ್ಯಾಲ ಏನದ ಅಂತ ದಿನಾ ಖರೆ ಬರೀರಿ, ಕಾಲುಗಂಟಿ ಹೋದ್ರ ಹೋಗ್ಲಿ, ಗನಿ ಅಣ್ಣಾರ ಇದಕ್ಕಿಂತ ಹೆಚ್ಚು ಕೊಟ್ಟಾರ ಅಂತಾಳ. ಏನು ಹೇಳ್ಲಿ?”

ಗನಿ ಎಣ್ಣೆ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಫೋನಿನೊಳಗಿಂದ, ದೂರದಲ್ಲಿ, ಚೌಕಟ್ಟಿನ ಕೂಗು ಇನ್ನೂ ಕೇಳುತ್ತಿತ್ತು.

“ಏನೂ ಹೇಳಬ್ಯಾಡ,” ಎಂದ. “ಕೂಗಲಿ. ನೀ ಬರಕೋ.”